ಗಿಲಾವ್ ಹೊಡೆಯುವ ಮುನ್ನ

ಸುಗ್ಗಿ ಮುಗಿದು ಕಾಳುಕಡಿ ಮನೆ ಸೇರಿತೆಂದರೆ ಧಾರವಾಡ ತಾಲ್ಲೂಕಿನ ಹಳ್ಳಿಗಳಲ್ಲಿ ಮನೆ ಕಟ್ಟುವ ಹಂಗಾಮು ಶುರು. ಉಪ್ಪಿನಬೆಟಗೇರಿಯಂಥ ದೊಡ್ಡ ಊರಿನಲ್ಲಿ ಉಸುಕು, ಖಡಿ, ಇಟ್ಟಿಗೆಯ ರಾಶಿ ಬೀಳದ ಓಣಿ ಕಡಿಮೆ. ಮಣ್ಣಿನ ಗೋಡೆ, ಜಂತಿ, ಮೇಲ್ಮುದ್ದೆಯ ಹಳೆ ಮನೆ ಇಳಿದ ಜಾಗದಲ್ಲಿ ಕಾಂಕ್ರೀಟಿನ ಕಾಲಂಗಳು ಏಳುತ್ತವೆ. ಹಿಂದೆ ಇದಕ್ಕೆಲ್ಲ ಕಡಲೆ, ಹತ್ತಿ ಮಾರಿದ ದುಡ್ಡು, ಅಡವಿಟ್ಟ ಬಂಗಾರ, ಬೀಗರ ಕೈಗಡ ಆಸರೆಯಾಗುತ್ತಿದ್ದವು. ಈಗ ಆ ಸಾಲಿಗೆ ಬ್ಯಾಂಕಿನ ಗೃಹಸಾಲವೂ ಸೇರಿದೆ.

ಸಾಲ ಮಂಜೂರಾಯಿತು ಎಂದ ಕೂಡಲೇ ಹಣವೆಲ್ಲ ಖಾತೆಗೆ ಬಂದು ಬೀಳುವುದಿಲ್ಲ. ಮನೆ ಎದ್ದಂತೆಲ್ಲ ಹಣ ಬರುತ್ತದೆ. ಎಷ್ಟು ಎದ್ದಿದೆ ಎಂದು ಹೇಳುವವರು ಮನೆ ಯಜಮಾನರೂ ಅಲ್ಲ, ಗವಂಡಿಯೂ ಅಲ್ಲ. ಬ್ಯಾಂಕು ಕಳಿಸಿದ ಮೌಲ್ಯಮಾಪಕರು. ಊರಲ್ಲಿ ಅವರನ್ನು ‘ವ್ಯಾಲ್ಯುಯೇಷನ್ ಸಾಹೇಬ್ರು’ ಎನ್ನುತ್ತಾರೆ. ಅರ್ಧ ತಾಸಿನೊಳಗೆ ಮುಗಿಯುವ ಅವರ ಭೇಟಿಯ ಮೇಲೆ ಒಂದು ಕುಟುಂಬದ ಮುಂದಿನ ಕಂತು ನಿಂತಿರುತ್ತದೆ. ಆ ಭೇಟಿಯಲ್ಲಿ ಏನನ್ನು ನೋಡುತ್ತಾರೆ, ಏನನ್ನು ನೋಡುವುದಿಲ್ಲ ಎಂಬುದು ಮನೆ ಕಟ್ಟಿಸುವ ಬಹಳ ಮಂದಿಗೆ ಗೊತ್ತಿರುವುದಿಲ್ಲ.

ಕಂತು ಹುಟ್ಟುವ ಲೆಕ್ಕ

ಹಣವನ್ನು ಕಟ್ಟಡದ ಹಂತಕ್ಕೆ ಗಂಟು ಹಾಕಿರುವುದಕ್ಕೆ ಕಾರಣವಿದೆ. ಒಂದು ಕಾಲಕ್ಕೆ ನಗರಗಳ ಬಿಲ್ಡರುಗಳು ಬ್ಯಾಂಕುಗಳ ಜತೆ ಸೇರಿ, ಪಾಯ ಕೂಡ ಮುಗಿಯದ ಫ್ಲ್ಯಾಟಿಗೆ ಗಿರಾಕಿಯ ಹೆಸರಿನ ಸಾಲವನ್ನೆಲ್ಲ ಮೊದಲೇ ಎತ್ತಿಕೊಳ್ಳುವ ಯೋಜನೆಗಳನ್ನು ತಂದಿದ್ದರು. ಕೆಲಸ ನಿಂತುಹೋದರೆ ಸಾಲ ಗಿರಾಕಿಯ ಕೊರಳಿಗೆ. 2013ರ ಸೆಪ್ಟೆಂಬರ್ 3ರಂದು ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ, ಗೃಹಸಾಲದ ಬಿಡುಗಡೆ ಕಟ್ಟಡದ ಹಂತಗಳಿಗೆ ತಕ್ಕಂತೆಯೇ ಇರಬೇಕು, ಅರ್ಧಂಬರ್ಧ ಯೋಜನೆಗಳಿಗೆ ಮುಂಗಡವಾಗಿ ಪೂರ್ತಿ ಹಣ ಕೊಡಕೂಡದು ಎಂದಿತು. ಸ್ವಂತ ಜಾಗದಲ್ಲಿ ಮನೆ ಕಟ್ಟಿಸಿಕೊಳ್ಳುವವರಿಗೂ ಬ್ಯಾಂಕುಗಳು ಹಂತದ ಲೆಕ್ಕದಲ್ಲೇ ಹಣ ಕೊಡುತ್ತವೆ.

ಸಾಲದ ಮೇಲ್ಮಿತಿಗೂ ನಿಯಮವಿದೆ. 30 ಲಕ್ಷ ರೂಪಾಯಿವರೆಗಿನ ಸಾಲವಾದರೆ ಆಸ್ತಿಯ ಮೌಲ್ಯದ ಶೇ 90ರವರೆಗೆ, 30ರಿಂದ 75 ಲಕ್ಷದವರೆಗೆ ಶೇ 80, ಅದಕ್ಕೂ ಮೇಲೆ ಶೇ 75. ಇವು ಗರಿಷ್ಠ ಮಿತಿಗಳು. ಬ್ಯಾಂಕು ಇದಕ್ಕಿಂತ ಕಡಿಮೆ ಕೊಡಬಹುದು. ಉಳಿದದ್ದು ಮನೆಯವರ ಪಾಲು, ಬ್ಯಾಂಕಿನವರ ಭಾಷೆಯಲ್ಲಿ ‘ಮಾರ್ಜಿನ್’. ಆ ಪಾಲನ್ನು ಮೊದಲು ಖರ್ಚು ಮಾಡಿ ತೋರಿಸಿ ಎಂದು ಹಲವು ಬ್ಯಾಂಕುಗಳು ಕೇಳುತ್ತವೆ. ಹಾಗಾಗಿ ಪಾಯದ ಖರ್ಚು ಸಾಮಾನ್ಯವಾಗಿ ಮನೆಯವರದೇ.

ಒಂದು ಮನೆಯ ಲೆಕ್ಕ ಹಾಕಿ ನೋಡೋಣ. ಅಂದಾಜು ವೆಚ್ಚ 20 ಲಕ್ಷ, ಮಂಜೂರಾದ ಸಾಲ 15 ಲಕ್ಷ. ಪ್ಲಿಂತ್ ಮತ್ತು ಲಿಂಟಲ್ ಹಂತಗಳಲ್ಲಿ 6 ಲಕ್ಷ ಬಂದಾಗಿದೆ. ಈಗ ಸ್ಲ್ಯಾಬ್ ಬಿದ್ದಿದೆ. ಮೌಲ್ಯಮಾಪಕರು ‘ಕೆಲಸ ಶೇ 60 ಮುಗಿದಿದೆ’ ಎಂದು ಬರೆದರೆ 15 ಲಕ್ಷದ ಶೇ 60, ಅಂದರೆ 9 ಲಕ್ಷಕ್ಕೆ ಮನೆಯವರು ಅರ್ಹರು. ಬಂದ 6 ಲಕ್ಷ ಕಳೆದು 3 ಲಕ್ಷ ಸಿಗುತ್ತದೆ. ಅವರೇ ‘ಶೇ 50’ ಎಂದು ಬರೆದರೆ ಸಿಗುವುದು ಒಂದೂವರೆ ಲಕ್ಷ. ಗವಂಡಿಯ ಪಗಾರ, ಸೆಂಟ್ರಿಂಗ್‌ನವರ ಬಾಕಿ, ಸಿಮೆಂಟ್ ಅಂಗಡಿಯ ಉದ್ರಿ ಎಲ್ಲಕ್ಕೂ 3 ಲಕ್ಷದ ಮಾತು ಕೊಟ್ಟವರಿಗೆ ಉಳಿದ ಒಂದೂವರೆ ಲಕ್ಷ ಹುಟ್ಟುವುದು ಕೈಗಡದಲ್ಲಿ, ನೂರಕ್ಕೆ ಮೂರೋ ನಾಲ್ಕೋ ರೂಪಾಯಿ ತಿಂಗಳ ಬಡ್ಡಿಯಲ್ಲಿ. ಅಗ್ಗದ ಸಾಲದ ನಡುವೆ ತುಟ್ಟಿ ಸಾಲ ನುಸುಳುವುದು ಹೀಗೆ.

ಜಗಳ ಹುಟ್ಟುವುದೂ ಇಲ್ಲೇ. ಮನೆಯವರ ಕಣ್ಣಿಗೆ ಸ್ಲ್ಯಾಬ್ ಬಿದ್ದರೆ ಮನೆ ಆದಂತೆಯೇ.

“ಸ್ಲ್ಯಾಬ್ ಹಾಕಿ ಮುಗಿಸೀವಲ್ರೀ ಸಾಹೇಬ್ರ, ಇನ್ನೇನ್ ಉಳದೈತ್ರಿ?”

“ಗಿಲಾವ್ ಎಲ್ಲೈತ್ರಿ ಕಾಕಾ? ಫರಸಿ, ಕಿಡಕಿ, ವೈರಿಂಗ್, ನಳ, ಬಣ್ಣ? ಖರೇ ಖರ್ಚು ಇನ್ನ ಮುಂದ ಐತ್ರಿ.”

ಸಾಹೇಬರ ಮಾತಿನಲ್ಲಿ ಹುರುಳಿದೆ. ಚಾವಣಿ ಬಿದ್ದ ಮೇಲಿನ ಕೆಲಸ ಕಣ್ಣಿಗೆ ಸಣ್ಣದು, ಜೇಬಿಗೆ ದೊಡ್ಡದು. ಆದ್ದರಿಂದ ಯಾವ ಹಂತಕ್ಕೆ ಶೇಕಡಾ ಎಷ್ಟು ಎಂಬ ಪಟ್ಟಿಯನ್ನು ಸಾಲ ಮಂಜೂರಾದ ದಿನವೇ ಬ್ಯಾಂಕಿನಿಂದ ಬರಹದಲ್ಲಿ ಕೇಳಿ ಪಡೆಯಬೇಕು. ಗವಂಡಿಯ ಜತೆಗಿನ ಒಪ್ಪಂದದ ಕಂತುಗಳನ್ನೂ ಅದೇ ಪಟ್ಟಿಗೆ ಹೊಂದಿಸಬೇಕು. ಎರಡು ಪಟ್ಟಿಗಳು ಹೊಂದದಿದ್ದರೆ ನಡುವಿನ ಕಂದಕ ತುಂಬುವವರು ಮನೆಯವರೇ.

ಬಡ್ಡಿಯ ಬಗ್ಗೆಯೂ ಒಂದು ಮಾತು. ಸಾಲ ಮಂಜೂರಾದ ದಿನದಿಂದಲೋ ಕರಾರಿಗೆ ಸಹಿ ಬಿದ್ದ ದಿನದಿಂದಲೋ ಬಡ್ಡಿ ಹಾಕುವುದು ಸರಿಯಲ್ಲ, ಹಣ ನಿಜಕ್ಕೂ ಕೈಸೇರಿದ ದಿನದಿಂದ ಹಾಕಬೇಕು ಎಂದು ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್ 29ರಂದು ಸ್ಪಷ್ಟವಾಗಿ ಹೇಳಿದೆ. ಪ್ರತಿ ಕಂತು ಬಂದ ತಾರೀಖನ್ನು ಪಾಸ್‌ಬುಕ್ಕಿನ ಬಡ್ಡಿಯ ಸಾಲಿಗೆ ಹೋಲಿಸಿ ನೋಡುವುದು ಒಳ್ಳೆಯದು.

ಸಾಹೇಬರು ನೋಡುವುದು

ಮೌಲ್ಯಮಾಪಕರು ಬ್ಯಾಂಕಿನ ನೌಕರರಲ್ಲ. ಬ್ಯಾಂಕು ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡ ಸ್ವತಂತ್ರ ಎಂಜಿನಿಯರುಗಳು. ಅವರ ಶುಲ್ಕವನ್ನು ಸಾಲಗಾರರೇ ಕಟ್ಟಿದರೂ ಅವರು ಉತ್ತರ ಕೊಡಬೇಕಾದದ್ದು ಬ್ಯಾಂಕಿಗೆ. ಅವರ ವರದಿ ಮೊದಲು ಹೇಳಬೇಕಾದದ್ದು ಜಾಗ ಇದೇನಾ ಎಂಬುದನ್ನು. ಉತಾರದಲ್ಲಿರುವ ಆಸ್ತಿ ಸಂಖ್ಯೆ, ಚಕ್ಕುಬಂದಿ, ಅಳತೆ ಮೂರೂ ನೆಲದ ಮೇಲಿನ ಜಾಗಕ್ಕೆ ತಾಳೆಯಾಗಬೇಕು. ಆಮೇಲೆ ಮಂಜೂರಾದ ನಕ್ಷೆಯಂತೆ ಕಟ್ಟಿದ್ದಾರೆಯೇ, ಬಿಡಬೇಕಾದ ಜಾಗ ಬಿಟ್ಟಿದ್ದಾರೆಯೇ, ಒಂದು ಅಂತಸ್ತಿಗೆ ಅನುಮತಿ ಪಡೆದು ಎರಡು ಎಬ್ಬಿಸಿದ್ದಾರೆಯೇ ಎಂಬ ಪ್ರಶ್ನೆಗಳು. ಕೊನೆಗೆ ಹಂತ, ಶೇಕಡಾ, ಸ್ಥಳದ ಗುರುತು ಇರುವ ಫೋಟೊ, ಬೆಲೆ.

ಬೆಲೆಯೂ ಒಂದೇ ಇರುವುದಿಲ್ಲ. ಮಾರುಕಟ್ಟೆ ಬೆಲೆ, ಮಾರಿದರೆ ಕೈಗೆ ಬರಬಹುದಾದ ಬೆಲೆ, ಅವಸರದಲ್ಲಿ ಹರಾಜು ಹಾಕಿದರೆ ಸಿಗುವ ಬೆಲೆ ಎಂದು ಮೂರು ಅಂಕಿಗಳನ್ನು ಬರೆಯುವುದು ರೂಢಿ. ಜತೆಗೆ ಸರ್ಕಾರದ ಮಾರ್ಗಸೂಚಿ ದರ. ಹರಾಜಿನ ಆ ಮೂರನೆಯ ಅಂಕಿಯಿಂದಲೇ ಇಡೀ ಭೇಟಿಯ ಉದ್ದೇಶ ತಿಳಿಯುತ್ತದೆ. ಸಾಲ ತೀರದಿದ್ದರೆ ಮನೆ ಮಾರಿ ಎಷ್ಟು ಬರುತ್ತದೆ ಎಂಬುದು ಬ್ಯಾಂಕಿನ ಚಿಂತೆ. ಸುಳ್ಳು ವರದಿ ಬರೆದು ವಂಚನೆಗೆ ನೆರವಾದ ಮೌಲ್ಯಮಾಪಕರ ಹೆಸರು ಬ್ಯಾಂಕುಗಳ ಸಂಘ ಇಟ್ಟುಕೊಳ್ಳುವ ಎಚ್ಚರಿಕೆಯ ಪಟ್ಟಿಗೆ ಸೇರುತ್ತದೆ. ಹಾಗಾಗಿ ಅವರು ಶೇಕಡಾ ಹಾಕುವಾಗ ಕೈ ಬಿಗಿಹಿಡಿಯುವುದು ಸಹಜ.

ಅವರು ನೋಡದೇ ಇರುವುದೇನು? ಅವರು ಪಾಯ ಅಗೆಸುವುದಿಲ್ಲ, ಕಾಂಕ್ರೀಟ್ ಕೊರೆಯುವುದಿಲ್ಲ, ಗಿಲಾವಿನ ಹಿಂದಿರುವ ಸರಳು ಎಣಿಸುವುದಿಲ್ಲ. ಕಣ್ಣಿಗೆ ಕಂಡದ್ದನ್ನಷ್ಟೇ ಆಧರಿಸಿದ ವರದಿ ಇದು ಎಂಬ ಸಾಲು ಅವರ ಷರಾದಲ್ಲಿ ಇದ್ದೇ ಇರುತ್ತದೆ. ‘ಬ್ಯಾಂಕಿನವರೇ ನೋಡಿ ಪಾಸ್ ಮಾಡ್ಯಾರ, ಮನಿ ಗಟ್ಟಿ ಐತಿ’ ಎಂಬ ನಂಬಿಕೆಗೆ ಆಧಾರವಿಲ್ಲ. ಮನೆಯ ಬೆಲೆ ನೋಡಲು ಬಂದವರಿಂದ ಮನೆಯ ಬಲದ ಸರ್ಟಿಫಿಕೇಟ್ ಸಿಗದು.

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಇನ್ನೂ ಕೆಲಸ ನಡೆದಿದ್ದ ಬಹುಮಹಡಿ ವಾಣಿಜ್ಯ ಕಟ್ಟಡ ಕುಸಿದು 19 ಮಂದಿ ಸತ್ತರು. ಮೇಲೆ ಕೆಲಸ ಮುಗಿದಿರಲಿಲ್ಲ, ಕೆಳಗೆ ಅಂಗಡಿಗಳು ತೆರೆದಿದ್ದವು. ಕಟ್ಟಡ ಹೊರಗಿನಿಂದ ಎದ್ದು ನಿಂತಿರುವುದಕ್ಕೂ ಅದು ಭಾರ ಹೊರುವಷ್ಟು ಗಟ್ಟಿಯಾಗಿರುವುದಕ್ಕೂ ಎಷ್ಟು ಅಂತರ ಎಂಬುದಕ್ಕೆ ಈ ಜಿಲ್ಲೆಗೆ ಬೇರೆ ಉದಾಹರಣೆ ಬೇಡ.

ಎರೆ ಮಣ್ಣು ಕೇಳುವ ಲೆಕ್ಕ

ಈ ಭಾಗದಲ್ಲಿ ಮನೆಯ ಹಣೆಬರಹ ನೆಲದೊಳಗೇ ತೀರ್ಮಾನವಾಗುತ್ತದೆ. ಎರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ. ಬ್ಯಾಸಗಿಯಲ್ಲಿ ಒಣಗಿ, ಕೈ ತೂರುವಷ್ಟು ಅಗಲಕ್ಕೆ ಬಾಯಿ ಬಿಡುತ್ತದೆ. ಜೋಳ, ಕಡಲೆಗೆ ವರವಾದ ಈ ಗುಣವೇ ಪಾಯಕ್ಕೆ ವೈರಿ. ಮಣ್ಣು ಉಬ್ಬುವಾಗ ಮನೆಯ ಎಲ್ಲ ಮೂಲೆಗಳನ್ನೂ ಒಂದೇ ಸಮ ಎತ್ತುವುದಿಲ್ಲ. ಬಚ್ಚಲಿನ ನೀರು ಇಂಗುವ ಮೂಲೆ ಏಳುತ್ತದೆ, ಬಿಸಿಲಿಗೆ ಒಣಗಿದ ಮೂಲೆ ಕೂರುತ್ತದೆ. ನಡುವೆ ಸಿಕ್ಕ ಗೋಡೆ ಸೀಳುತ್ತದೆ.

ಇದಕ್ಕೆ ದಾರಿಗಳಿವೆ. ಎರೆಯ ಪದರು ತೆಳುವಾಗಿದ್ದರೆ ಅದನ್ನು ಪೂರ್ತಿ ತೆಗೆದು ಕೆಳಗಿನ ಗಟ್ಟಿ ಗರಸಿನ ಮೇಲೆ ಪಾಯ ಕೂರಿಸಬೇಕು. ಪದರು ಆಳವಾಗಿದ್ದರೆ, ಕೆಳತುದಿಯಲ್ಲಿ ಗಡ್ಡೆಯಂತೆ ಉಬ್ಬಿದ ಪೈಲುಗಳನ್ನು ಮೂರೂವರೆ ಮೀಟರ್‌ನಷ್ಟು ಆಳಕ್ಕೆ ಇಳಿಸಿ, ಅವುಗಳ ಮೇಲೆ ಬೀಮ್ ಹಾಯಿಸುವ ಪದ್ಧತಿಯನ್ನು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿಕೊಟ್ಟಿದೆ. ಮಳೆ-ಬಿಸಿಲಿನ ಆಟ ಅಷ್ಟು ಆಳಕ್ಕೆ ತಟ್ಟುವುದಿಲ್ಲ. ಯಾವ ದಾರಿ ಹಿಡಿದರೂ ಪಾಯ ತುಂಬಿದ ಮರುದಿನ ಅದು ಮಣ್ಣಿನಡಿ. ಬ್ಯಾಂಕಿನ ಸಾಹೇಬರು ಪ್ಲಿಂತ್ ಹಂತಕ್ಕೆ ಬರುವಷ್ಟರಲ್ಲಿ ನೋಡಲು ಏನೂ ಉಳಿದಿರುವುದಿಲ್ಲ.

ಹಳೆಯ ಊರುಗಳಲ್ಲಿ ಇನ್ನೊಂದು ತೊಡಕೂ ಇದೆ: ಹಗೇವು. ಜೋಳ ತುಂಬಿಡಲು ಹಿರಿಯರು ಅಂಗಳದಲ್ಲಿ, ಓಣಿಯಲ್ಲಿ ತೋಡಿದ ಆಳದ ಕುಣಿಗಳು ಈಗ ಬಳಕೆಯಲ್ಲಿಲ್ಲ. ಎಷ್ಟೋ ಕಡೆ ಅವುಗಳ ಬಾಯಿಯೂ ಕಾಣುವುದಿಲ್ಲ. ಜೋರು ಮಳೆಗೆ ಮೇಲಿನ ಮಣ್ಣು ಕುಸಿದಾಗಲೇ ಅಲ್ಲೊಂದು ಹಗೇವು ಇತ್ತೆಂದು ಗೊತ್ತಾಗುವುದು. ಹಳೆ ಮನೆ ಕೆಡವಿ ಕಟ್ಟುವವರು ಮನೆಯ ಹಿರಿಯರನ್ನು, ನೆರೆಯವರನ್ನು ಕೇಳಿ ಹಗೇವಿನ ಜಾಗ ಗುರುತಿಸಿ, ಗಟ್ಟಿಯಾಗಿ ತುಂಬಿಸಿದ ಮೇಲೆಯೇ ಪಾಯದ ದಾರ ಹಿಡಿಯಬೇಕು. ಯಾವ ಬ್ಯಾಂಕಿನ ಅರ್ಜಿಯಲ್ಲೂ ಈ ಪ್ರಶ್ನೆಗೆ ಅಂಕಣವಿಲ್ಲ.

ಬಿರುಕು ಮುಚ್ಚಿದ್ದು ರಿಪೇರಿಯೇ?

ಹೊಸ ಮನೆಯ ತಪಾಸಣೆಗಿಂತ ಕಷ್ಟದ್ದು ರಿಪೇರಿಯದು. ಹಳೆ ಮನೆಯನ್ನು ಕೊಳ್ಳುವವರಿಗೆ, ದುರಸ್ತಿಗೆಂದು ಸಾಲ ಕೇಳುವವರಿಗೆ ಬ್ಯಾಂಕು ಎಂಜಿನಿಯರರ ಅಂದಾಜು ಪತ್ರಿಕೆ ಕೇಳುತ್ತದೆ. ಕೆಲಸವಾದ ಮೇಲೆ ನೋಡಲು ಮತ್ತೆ ಜನ ಕಳಿಸುತ್ತದೆ. ಅಮೆರಿಕದಲ್ಲಿ ಇದು ಬಹಳ ಕಟ್ಟುನಿಟ್ಟು. ‘ಇಂತಿಂಥ ರಿಪೇರಿ ಆದರೆ ಮಾತ್ರ ಈ ಬೆಲೆ’ ಎಂದು ಷರತ್ತು ಹಾಕಿದ ವರದಿ ಬಂದರೆ, ಕೆಲಸ ಮುಗಿದ ಮೇಲೆ ಮೌಲ್ಯಮಾಪಕರು ಮತ್ತೊಮ್ಮೆ ಬಂದು 1004ಡಿ ಎಂಬ ನಮೂನೆಯಲ್ಲಿ ಪೂರ್ಣಗೊಂಡ ವರದಿ ಕೊಡುವುದು ಅಲ್ಲಿನ ರೂಢಿ. ನಮ್ಮಲ್ಲಿ ಎಲ್ಲ ಬ್ಯಾಂಕುಗಳಿಗೂ ಒಂದೇ ಎನ್ನುವ ಅಂಥ ನಮೂನೆಯಿಲ್ಲ. ಮರುಭೇಟಿಯ ವರದಿ, ಮೊದಲಿನ ಮತ್ತು ನಂತರದ ಫೋಟೊ, ಬಿಲ್ಲುಗಳ ಮೇಲೆ ಕೆಲಸ ಸಾಗುತ್ತದೆ.

ಆದರೆ ಬಿರುಕು ಮುಚ್ಚಿ ಬಣ್ಣ ಹೊಡೆದ ಗೋಡೆಯ ಫೋಟೊ ಎಷ್ಟರಮಟ್ಟಿಗೆ ಪುರಾವೆ? ಗಿಲಾವಿನ ಮೇಲಿನ ಕೂದಲೆಳೆ ಬಿರುಕುಗಳು ಹೆಚ್ಚಾಗಿ ಸಿಮೆಂಟ್ ಒಣಗುವಾಗ ಆದವು. ಅವಕ್ಕೆ ಪುಟ್ಟಿ ಸಾಕು. ಕಿಡಕಿ, ಬಾಗಿಲಿನ ಮೂಲೆಯಿಂದ ಓರೆಯಾಗಿ ಮೆಟ್ಟಿಲು ಮೆಟ್ಟಿಲಾಗಿ ಇಟ್ಟಿಗೆಯ ಸಂದುಗಳಲ್ಲಿ ಏರುವ ಬಿರುಕಿನ ಬೇರು ಬಹುತೇಕ ಪಾಯದಲ್ಲಿರುತ್ತದೆ. ಅದಕ್ಕೆ ಪುಟ್ಟಿ ಹಚ್ಚುವುದೆಂದರೆ ಜ್ವರ ಬಂದವರ ಹಣೆಗೆ ಪೌಡರ್ ಬಳಿದಂತೆ.

ಗೋಡೆ ಇನ್ನೂ ಅಲುಗುತ್ತಿದೆಯೇ ಎಂದು ತಿಳಿಯಲು ಎಂಜಿನಿಯರುಗಳದೊಂದು ಹಳೆಯ ಉಪಾಯವಿದೆ. ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನು ಎರಡೂ ತುದಿಗೆ ಗಾರೆ ಕಚ್ಚಿಸಿ ಕೂರಿಸಿ, ಮೇಲೆ ತಾರೀಖು ಬರೆದಿಡುತ್ತಾರೆ. ಗೋಡೆ ಸ್ವಲ್ಪ ಸರಿದರೂ ಗಾಜು ಒಡೆಯುತ್ತದೆ. ಎರೆ ನೆಲದಲ್ಲಿ ಈ ಗಾಜು ಒಂದು ಮಳೆಗಾಲ, ಒಂದು ಬ್ಯಾಸಗಿ ಉಳಿದರೆ ರಿಪೇರಿ ನಿಂತಿತು ಎನ್ನಬಹುದು. ಬ್ಯಾಂಕಿನ ಗಡುವಿಗೆ ಇಷ್ಟು ತಾಳ್ಮೆಯಿಲ್ಲ. ಕೊಳ್ಳುವವರಿಗಾದರೂ ಇರಬೇಕು: ಮಾರ್ಚ್‌ನಲ್ಲಿ ಹೊಸ ಬಣ್ಣ ಕಂಡ ಹಳೆ ಮನೆಯನ್ನು ಸೆಪ್ಟೆಂಬರಿನಲ್ಲಿ ಮತ್ತೊಮ್ಮೆ ನೋಡಿ ಬರುವುದು ಲೇಸು.

ಫೋಟೊ ಇದ್ದರೆ ಮನೆ

ಹಂತಕ್ಕೊಂದು ತಪಾಸಣೆ, ಹಂತಕ್ಕೊಂದು ಕಂತು ಎಂಬ ಪದ್ಧತಿಯನ್ನು ಹಳ್ಳಿಗಳು ಮೊದಲು ಕಲಿತದ್ದು ಬ್ಯಾಂಕುಗಳಿಂದಲ್ಲ, ಸರ್ಕಾರದ ಆಶ್ರಯ ಮನೆಗಳಿಂದ. ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮನೆಗಳಿಗೆ ಪಾಯ, ಲಿಂಟಲ್, ಚಾವಣಿ, ಮುಕ್ತಾಯ ಎಂಬ ಹಂತಗಳಿದ್ದು, ಪಂಚಾಯಿತಿಯವರು ಸ್ಥಳದಲ್ಲೇ ನಿಂತು ಜಿಪಿಎಸ್ ಗುರುತಿನ ಫೋಟೊ ಏರಿಸಿದ ಮೇಲೆ ಹಣ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಮನೆಗೂ ಹಾಗೆಯೇ: ಬಯಲುಸೀಮೆಯಲ್ಲಿ 1.20 ಲಕ್ಷ ರೂಪಾಯಿ ನೆರವು, ಕನಿಷ್ಠ 25 ಚದರ ಮೀಟರ್ ಮನೆ, ಹಂತಹಂತದ ಫೋಟೊ.

2019ರ ಆಗಸ್ಟ್ ಮಳೆಯಲ್ಲಿ ಉತ್ತರ ಕರ್ನಾಟಕದ ಮಣ್ಣಿನ ಮನೆಗಳು ಸಾಲುಸಾಲಾಗಿ ಬಿದ್ದಾಗ ಈ ಪದ್ಧತಿ ಇನ್ನಷ್ಟು ಬಿಗಿಯಾಗಿ ಅನುಭವಕ್ಕೆ ಬಂತು. ಹಾನಿಯನ್ನು ಎ, ಬಿ, ಸಿ ಎಂದು ವಿಂಗಡಿಸಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ, ಅಲ್ಪ ಹಾನಿಗೆ 50 ಸಾವಿರ ರೂಪಾಯಿ ಪರಿಹಾರ ಘೋಷಣೆಯಾಯಿತು. 5 ಲಕ್ಷವೂ ಹಂತದ ಲೆಕ್ಕದಲ್ಲೇ. ಇಂಥ ವ್ಯವಸ್ಥೆಯಲ್ಲಿ ತಂಡ ಬರುವ ಮುನ್ನವೇ ಬಿದ್ದ ಗೋಡೆ ತೆರವು ಮಾಡಿದವರಿಗೆ ತೋರಿಸಲು ಏನೂ ಉಳಿಯುವುದಿಲ್ಲ. ಅವಸರದಲ್ಲಿ ಮನೆ ಸ್ವಚ್ಛ ಮಾಡಿಕೊಳ್ಳುವ ಮೊದಲು ಫೋಟೊ, ಪಂಚನಾಮೆ. ಬ್ಯಾಂಕಿನ ರಿಪೇರಿ ಸಾಲಕ್ಕೂ ವಿಮೆಗೂ ಇದೇ ಪಾಠ.

ಕಾಗದದ ಮನೆ

ಗೋಡೆ ಎದ್ದರಷ್ಟೇ ಸಾಲದು, ಕಾಗದವೂ ಏಳಬೇಕು. ಹುಬ್ಬಳ್ಳಿ–ಧಾರವಾಡ ಮಹಾನಗರ ಪಾಲಿಕೆಯೊಳಗೆ ನಕ್ಷೆಗೆ ಅನುಮತಿ, ಮುಗಿದ ಮೇಲೆ ಪ್ರಮಾಣಪತ್ರ ಪಾಲಿಕೆಯದು. ಉಪ್ಪಿನಬೆಟಗೇರಿಯಲ್ಲಿ ಆ ಬಾಗಿಲು ಗ್ರಾಮ ಪಂಚಾಯಿತಿ. ಇ-ಸ್ವತ್ತು ತಂತ್ರಾಂಶದಿಂದ ಬರುವ ನಮೂನೆ 9 ಮತ್ತು 11ಎ ಇದ್ದರೆ ಬ್ಯಾಂಕುಗಳಿಗೆ ನೆಮ್ಮದಿ. ಅನುಮೋದನೆಯಿಲ್ಲದ ಬಡಾವಣೆಯ ಜಾಗಕ್ಕೆ ಸಿಗುವ 11ಬಿ ಕಂಡರೆ ಹಲವು ಬ್ಯಾಂಕುಗಳು ಹಿಂದೆ ಸರಿಯುತ್ತವೆ. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯ ಡ್ರೋನ್ ಅಳತೆ ಗ್ರಾಮಠಾಣಾ ಮನೆಗಳಿಗೂ ಆಸ್ತಿ ಕಾರ್ಡು ಕೊಡುವ ಪ್ರಯತ್ನ.

2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಉತ್ತರ ಪ್ರದೇಶದ ಮೇರಠ್‌ನ ಅಕ್ರಮ ಕಟ್ಟಡದ ಪ್ರಕರಣದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ನಿರ್ದೇಶನಗಳನ್ನು ಕೊಟ್ಟಿತು. ಕಟ್ಟಡವನ್ನು ಭದ್ರತೆಯಾಗಿಟ್ಟುಕೊಂಡು ಸಾಲ ಕೊಡುವ ಮುನ್ನ ಬ್ಯಾಂಕು ಪೂರ್ಣತಾ ಅಥವಾ ಸ್ವಾಧೀನಾನುಭವ ಪ್ರಮಾಣಪತ್ರವನ್ನು ಪರಿಶೀಲಿಸಬೇಕು ಎಂಬುದು ಅವುಗಳಲ್ಲೊಂದು. ಕರೆಂಟು, ನೀರಿನ ಸಂಪರ್ಕಕ್ಕೂ ಪ್ರಮಾಣಪತ್ರ ಬೇಕೆಂದ ಇದೇ ತೀರ್ಪಿನಿಂದ 2025ರಲ್ಲಿ ನಮ್ಮ ರಾಜ್ಯದಲ್ಲೂ ವಿದ್ಯುತ್ ಸಂಪರ್ಕದ ಗೊಂದಲ ದೊಡ್ಡ ಸುದ್ದಿಯಾಯಿತು. ಹಳ್ಳಿಯ ಹಳೆ ಮನೆಗಳಲ್ಲಿ ಇಂಥ ಪತ್ರ ಇರುವುದೇ ಅಪರೂಪ. ಇನ್ನು ಮುಂದೆ ಕಟ್ಟುವವರು ಪಂಚಾಯಿತಿಯ ಪರವಾನಗಿ, ನಕ್ಷೆ, ಮುಗಿದ ಮೇಲಿನ ಪತ್ರ ಮೂರನ್ನೂ ಒಂದೇ ಕಡತದಲ್ಲಿ ಇಟ್ಟುಕೊಳ್ಳದಿದ್ದರೆ ಮಕ್ಕಳ ಕಾಲಕ್ಕೆ ಮನೆ ಮಾರುವುದೂ ತೊಡಕಾದೀತು.

ಮುಗಿದ ತಾರೀಖಿಗೆ ತೆರಿಗೆಯಲ್ಲೂ ಬೆಲೆಯಿದೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ, ವಾಸದ ಮನೆ ಕಟ್ಟಲು ತೆಗೆದ ಸಾಲದ ಬಡ್ಡಿಯಲ್ಲಿ ವರ್ಷಕ್ಕೆ 2 ಲಕ್ಷ ರೂಪಾಯಿವರೆಗೆ ವಿನಾಯಿತಿ. ಆದರೆ ಸಾಲ ಪಡೆದ ಹಣಕಾಸು ವರ್ಷ ಮುಗಿದು ಐದು ವರ್ಷದೊಳಗೆ ಮನೆ ಪೂರ್ತಿಯಾಗಿರಬೇಕು; ಇಲ್ಲದಿದ್ದರೆ ಮಿತಿ 30 ಸಾವಿರಕ್ಕೆ ಇಳಿಯುತ್ತದೆ. ರಿಪೇರಿ ಸಾಲಕ್ಕೆ ಮೊದಲಿನಿಂದಲೂ 30 ಸಾವಿರವೇ.

ಮನೆಯವರದೇ ಒಂದು ತಪಾಸಣೆ

ಬ್ಯಾಂಕು ನೋಡುವುದು ಎಲ್ಲ ಮುಚ್ಚಿದ ಮೇಲೆ. ಮುಚ್ಚುವ ಮುನ್ನ ನೋಡುವ ಕೆಲಸ ಮನೆಯವರದು. ಅದಕ್ಕೆ ದೊಡ್ಡ ವಿದ್ಯೆ ಬೇಡ, ಮೊಬೈಲು ಮತ್ತು ಅಳತೆ ಟೇಪು ಸಾಕು.

ಪಾಯದ ಕುಣಿಯಲ್ಲಿ ಟೇಪು ಇಳಿಬಿಟ್ಟು ಆಳದ ಫೋಟೊ ತೆಗೆಯಿರಿ. ತಳದಲ್ಲಿ ಎರೆ ಇದೆಯೋ ಗರಸು ಇದೆಯೋ ಕಾಣಬೇಕು. ಸರಳು ಬಂದ ದಿನ ಅದರ ಮೇಲೆ ಉಬ್ಬಾಗಿ ಒತ್ತಿರುವ ಕಂಪನಿಯ ಹೆಸರು, ದರ್ಜೆ, ಸಿಮೆಂಟ್ ಚೀಲದ ಮೇಲಿನ ತಯಾರಿಕೆಯ ವಾರ, ವರ್ಷ ಸೆರೆಹಿಡಿಯಿರಿ. ಸ್ಲ್ಯಾಬ್ ಹಾಕುವ ಹಿಂದಿನ ಸಂಜೆ ಸರಳುಗಳ ಅಂತರವನ್ನು ನಕ್ಷೆಗೆ ಹೋಲಿಸಿ; ಸರಳಿನ ಕೆಳಗೆ ಕನಿಷ್ಠ 20 ಮಿಲಿಮೀಟರ್ ಎತ್ತರದ ಬಿಲ್ಲೆಗಳು ಇರಬೇಕು, ಇಲ್ಲದಿದ್ದರೆ ಸರಳು ತಳ ಕಚ್ಚಿ ಕೆಲವೇ ವರ್ಷದಲ್ಲಿ ತುಕ್ಕು ಹೊರಬರುತ್ತದೆ. ಎಂಜಿನಿಯರರನ್ನು ಒಂದೇ ದಿನ ಕರೆಸುವಷ್ಟು ಶಕ್ತಿ ಇದ್ದರೆ ಅದು ಈ ಸಂಜೆಯೇ ಆಗಲಿ.

ಆಮೇಲಿನದು ತಾರೀಖಿನ ಲೆಕ್ಕ. ಭಾರತೀಯ ಮಾನಕ 456ರ ಪ್ರಕಾರ ನಾಲ್ಕೂವರೆ ಮೀಟರ್‌ವರೆಗಿನ ಸ್ಲ್ಯಾಬಿನ ಊರೆಗಳನ್ನು 7 ದಿನ, ಅದಕ್ಕೂ ಅಗಲವಾದರೆ 14 ದಿನ ತೆಗೆಯಕೂಡದು. ಆರು ಮೀಟರ್‌ವರೆಗಿನ ಬೀಮಿಗೆ 14, ಅದಕ್ಕೂ ಮೇಲಾದರೆ 21 ದಿನ. ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ, ಬೂದಿ ಬೆರೆತ ಸಿಮೆಂಟಿಗೆ 10 ದಿನ ನೀರು ಹೊಡೆಯಬೇಕು. ನಮ್ಮ ಬ್ಯಾಸಗಿಯಂಥ ಒಣ ಬಿಸಿಲಿದ್ದರೆ ಇನ್ನೂ ಹೆಚ್ಚು. ಸೆಂಟ್ರಿಂಗ್‌ನವರಿಗೆ ಮುಂದಿನ ಮನೆಯ ಅವಸರ, ಮನೆಯವರಿಗೆ ಮುಂದಿನ ಕಂತಿನ ಅವಸರ. ಎರಡೂ ಸೇರಿದಾಗ ಊರೆಗಳು ಬೇಗ ಕಳಚುತ್ತವೆ. ಕಂತಿನ ಪಟ್ಟಿಯಲ್ಲಿರುವ ಈ ಒತ್ತಡವನ್ನು ಬ್ಯಾಂಕಿನವರೂ ಅರಿಯಬೇಕು.

ವರದಿ ಅನ್ಯಾಯವೆನಿಸಿದರೆ ಸುಮ್ಮನಿರಬೇಕಿಲ್ಲ. ಯಾವ ಕೆಲಸಕ್ಕೆ ಶೇಕಡಾ ಎಷ್ಟು ಹಾಕಿದ್ದಾರೆ ಎಂದು ಶಾಖೆಯಲ್ಲಿ ಲಿಖಿತವಾಗಿ ಕೇಳಿ, ಎಂಜಿನಿಯರರ ಸಹಿಯಿರುವ ಅಳತೆ ಪಟ್ಟಿ ಮತ್ತು ಫೋಟೊಗಳ ಜತೆ ಮರುಭೇಟಿಗೆ ಅರ್ಜಿ ಕೊಡಬಹುದು. 30 ದಿನವಾದರೂ ಬ್ಯಾಂಕು ಉತ್ತರಿಸದಿದ್ದರೆ, ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಖರ್ಚಿಲ್ಲದೆ ದೂರು ಸಲ್ಲಿಸಬಹುದು. ಮಾಹಿತಿಗೆ 14448 ಸಂಖ್ಯೆಯಿದೆ. ಊರಿನ ಪತ್ತಿನ ಸಹಕಾರಿ ಸಂಘದ ಸಾಲಕ್ಕೆ ಮಾತ್ರ ಈ ದಾರಿ ಅನ್ವಯಿಸದು, ಅಲ್ಲಿ ಸಹಕಾರ ಇಲಾಖೆಯ ಬಾಗಿಲು ತಟ್ಟಬೇಕು.

ಸಾಲ ಹದಿನೈದು, ಇಪ್ಪತ್ತು ವರ್ಷಕ್ಕೆ ತೀರುತ್ತದೆ. ಅಷ್ಟು ದಿನ ಮನೆಯ ಬೆಲೆ ಉಳಿದರೆ ಬ್ಯಾಂಕಿಗೆ ಸಾಕು. ಅದರಾಚೆಗೂ ಆ ಸೂರಿನಡಿ ಬಾಳಬೇಕಾದವರು ಕುಟುಂಬದವರು. ಬ್ಯಾಂಕಿನ ತಪಾಸಣೆಗೆ ಕಾಯುವ ಶ್ರದ್ಧೆಯಲ್ಲಿ ಅರ್ಧದಷ್ಟನ್ನು ಪಾಯದ ಕುಣಿಗೆ, ಸ್ಲ್ಯಾಬಿನ ಹಿಂದಿನ ಸಂಜೆಗೆ ಮೀಸಲಿಟ್ಟರೆ ಕಂತಿನ ದಾಖಲೆಯೂ ಗಟ್ಟಿಯಾಗುತ್ತದೆ, ಮನೆಯೂ.